ನಾನಿಲ್ಲದಾಗ ನುಣುಪಾಗುತ್ತಿದ್ದ ಹಲಗೆಗಳು

ನನಗೆ ಯಾರ ಮೇಲೂ ನಂಬಿಕೆ ಬೇಗ ಹುಟ್ಟುವುದಿಲ್ಲ. ಸಂತೆಯಲ್ಲಿ ಬದನೆಕಾಯಿಯ ತೊಟ್ಟು ಎತ್ತಿ ನೋಡದೆ ಚೀಲಕ್ಕೆ ಹಾಕಿದವನಲ್ಲ. ಬಸ್ಸಿಗೆ ಬ್ಯಾಡಗಿಯ ಬೋರ್ಡು ಇದ್ದರೂ ಕಂಡಕ್ಟರನ್ನು ಕೇಳಿಯೇ ಹತ್ತುತ್ತೇನೆ, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳುತ್ತೇನೆ. "ಇಂವಗ ಹಡದವ್ವನ ಮ್ಯಾಲೂ ಸಂಶೇ" ಎಂದು ನಮ್ಮವ್ವ ಬಂದವರ ಮುಂದೆ ಹೇಳಿಕೊಂಡು ನಗುತ್ತಿದ್ದಳು. ಇಂಥ ಸ್ವಭಾವದವನು ಮಷಿನ್ ಕಟ್ಟಲು ಹೋಗಬಾರದು. ನಾನು ಹೋದೆ.

ರಾಣೆಬೆನ್ನೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಅಣ್ಣನದು ಯಜಮಾನಿಕೆ, ನಾನು ಅವನ ಕೈಕೆಳಗೆ. ಹಂಗಾಮಿನಲ್ಲಿ ಮನೆಯ ಹಿಂದಿನ ಖೋಲಿಯ ತುಂಬ ಚೀಲಗಳಿರುತ್ತಿದ್ದವು, ಉಳಿದ ತಿಂಗಳು ಅದು ಖಾಲಿ. ಎರಡು ಸಾವಿರದ ದಶಕ ಮುಗಿಯುತ್ತ ಬಂದ ಒಂದು ವರ್ಷ ಆ ಖಾಲಿ ಖೋಲಿಯನ್ನು ನಾನು ಹಿಡಿದುಕೊಂಡೆ. ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಯಾವುಯಾವುದೋ ದೇಶದವರು ಮನೆಯಲ್ಲೇ ಕಟ್ಟಿದ ಸಿಎನ್‌ಸಿ ಮಷಿನ್‌ಗಳ ಚಿತ್ರ ನೋಡಿದ್ದೆ. ಕಂಪ್ಯೂಟರಿನಲ್ಲಿ ಹೂವು ಬರೆದರೆ ಅದು ಹಲಗೆಯ ಮೇಲೆ ಹೂವು ಕೆತ್ತುತ್ತದೆ. ಗುಜರಿಗೆ ಹೋಗಿದ್ದ ಝೆರಾಕ್ಸ್ ಮಷಿನ್ನಿನ ಸಣ್ಣ ಮೋಟರುಗಳು, ಹುಬ್ಬಳ್ಳಿಯಿಂದ ತಂದ ಮರ ಕೊರೆಯುವ ರೌಟರು, ಕೊರಿಯರಿನಲ್ಲಿ ಬಂದ ಒಂದು ಹಸಿರು ಬೋರ್ಡು, ಯಾರೋ ಬೇಡವೆಂದು ಬಿಟ್ಟ ಕಂಪ್ಯೂಟರು, ಇಷ್ಟನ್ನು ಕೂಡಿಸಿ ಅಂಥದೊಂದನ್ನು ನಿಲ್ಲಿಸಿದೆ. ಅದು ಗುಂಯ್ಯೆನ್ನುತ್ತ ಮೊದಲ ಹೂವು ಕೆತ್ತಿದ ದಿನ ನಾನು ಊಟ ಮರೆತಿದ್ದೆ.

ಬ್ಯಾಡಗಿಯಲ್ಲಿ ನಮ್ಮ ಅಕ್ಕನ ಮನೆ, ಮೆಣಸಿನಕಾಯಿ ವ್ಯಾಪಾರದವರು. ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಅಕ್ಕ ಬಂದಿದ್ದಾಗ ಊಟದ ಹೊತ್ತಿನಲ್ಲಿ, ದೇವರ ಖೋಲಿಯ ಬಾಗಿಲಿನ ಹಲಗೆಗಳನ್ನು ನಾನೇ ಕೆತ್ತಿಕೊಡುತ್ತೇನೆ ಎಂದೆ. ಅಣ್ಣನಿಗೆ ಅಂದು ಅಂಗಡಿಯಲ್ಲಿ ಯಾರ ಜೊತೆಗೋ ಜಗಳವಾಗಿತ್ತು.

"ಆತು. ಅಕ್ಕನ ಬಾಗಲಕ್ಕ ಒಪ್ಪೋಹಂಗ ಒಂದ ಹಲಗಿ ತೆಗದ ತೋರ್ಸು. ಆದ್ರ ಖೋಲಿ ನಿಂದ. ಆಗಲಿಲ್ಲಂದ್ರ ಮಿರಗದ ಮಳಿ ಬರೋದ್ರಾಗ ಆ ಡಬ್ಬಿ ಬಿಚ್ಚಿ ಹೊರಗ ಇಡು. ನನಗ ಚೀಲಾ ಇಡಾಕ ಜಾಗಾ ಬೇಕು."

ಅವ್ವನ ಮುಂದೆ, ಅಕ್ಕನ ಮುಂದೆ ಆಡಿದ ಮಾತು. ನಮ್ಮ ಮನೆಯಲ್ಲಿ ಅಣ್ಣ ಆಡಿದ ಮಾತನ್ನು ಅಣ್ಣನೂ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆ ಖೋಲಿ ಹೋದರೆ ನಾನು ಮತ್ತೆ ಬರೀ ಗೋವಿನಜೋಳದ ಬೀಜ ತೂಗುವವನು. ನನಗೆ ನಿಜಕ್ಕೂ ಭಯವಾಯಿತು.

ಮಷಿನ್ ಕೆತ್ತುತ್ತಿತ್ತೇನೋ ಸರಿ. ಆದರೆ ಹೂವಿನ ಸುತ್ತಲ ಸಮತಟ್ಟು ಜಾಗದಲ್ಲಿ ಉಗುರು ಆಡಿಸಿದರೆ ಟರ್ ಎನ್ನುತ್ತಿತ್ತು. ಹಂಚು ಹೊದಿಸಿದ ಹಾಗೆ, ರೌಟರಿನ ತುದಿಯ ಕೊರೆಯುವ ಅಲಗು, ಅಂದರೆ ಬಿಟ್ಟು, ಹೋಗಿಬಂದ ಒಂದು ಸಾಲಿನ ಅಂಚು ಪಕ್ಕದ ಸಾಲಿಗಿಂತ ಕೂದಲೆಳೆಯಷ್ಟು ಎತ್ತರ. ಬಣ್ಣ ಹಚ್ಚಿದರೆ ಆ ಗೀರು ಇನ್ನೂ ಎದ್ದು ಕಾಣುತ್ತಿತ್ತು. ಅಕ್ಕನ ಗಂಡನ ಮನೆಯವರು ಅದನ್ನು ನೋಡಿ ಮೂಗು ಮುರಿಯುವುದು ನನ್ನ ಕಣ್ಣಿಗೆ ಕಟ್ಟಿದಂತಿತ್ತು.

ಮೊದಲು ನಾನು ಹಿಡಿದದ್ದು ಬಿಟ್ಟು ಕಳಿಸಿದವನನ್ನು. ಮೊಂಡು ಬಿಟ್ಟು ಕೊಟ್ಟಿದ್ದಾನೆ ಎಂದು ಹೊಸದನ್ನು ಬೇರೆ ಕಡೆಯಿಂದ ತರಿಸಿದೆ. ಗೀರು ಹಾಗೇ ಇತ್ತು. ಆಮೇಲೆ ಹಲಗೆಯನ್ನು ಬಗಲಲ್ಲಿ ಇಟ್ಟುಕೊಂಡು ಹಾವೇರಿಯ ಸಾಮಿಲ್ಲಿಗೆ ಹೋದೆ. "ಇದು ಖರೇ ಸಾಗವಾನಿ ಏನ್ರಿ?" ಎಂದು ಕೇಳಿದೆ. ಮಿಲ್ಲಿನವನು ತಲೆಯೆತ್ತದೆ, "ಮೂಸಿ ನೋಡ್ರಿ ಬೇಕಾರ" ಎಂದ. ನಾನು ಅಲ್ಲೇ ನಿಂತು ಮೂಸಿ ನೋಡಿದೆ. ಸಾಗವಾನಿಯೇ. ಇನ್ನು ಪಕ್ಕದ ಮನೆಯವರ ಖಾರ ಕುಟ್ಟುವ ಮಷಿನ್. ಅದು ಧಡಧಡ ಎಂದರೆ ನಮ್ಮ ಗೋಡೆಯ ಕ್ಯಾಲೆಂಡರ್ ಅಲುಗುತ್ತಿತ್ತು. ಅವರು ಮದುವೆಗೆ ಹೋದ ದಿನ ಕಾದು ಕೆತ್ತಿದೆ. ಆ ಹಲಗೆಗೂ ಉಗುರು ತಡೆಯಿತು. ಕರೆಂಟಿನ ವೋಲ್ಟೇಜನ್ನೂ ನಾನು ಬಿಟ್ಟಿರಲಿಲ್ಲ. ಮೀಟರು ಹಿಡಿದುಕೊಂಡು ಎದುರಿಗೆ ಕೂತು ನೋಡಿದ್ದೆ.

ಆದರೆ ನನ್ನ ತಲೆ ಕೆಡಿಸಿದ್ದು ಗೀರು ಬಿದ್ದ ಹಲಗೆಗಳಲ್ಲ, ಬೀಳದ ಹಲಗೆಗಳು. ನಡುವೆ ಒಂದೊಂದು ಹಲಗೆ ಬೆಣ್ಣೆಯಂತೆ ಬರುತ್ತಿತ್ತು. ಅದೇ ಬಿಟ್ಟು, ಅದೇ ಮರ, ಕಂಪ್ಯೂಟರಿನಲ್ಲಿ ಅದೇ ಹೂವು. ಬೆಳಿಗ್ಗೆ ಮಷಿನ್ ಹಚ್ಚಿ ನಾನು ಮನೆಯ ಬೇರೆ ಕೆಲಸ ನೋಡುತ್ತಿದ್ದೆ, ಹಲಗೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅಣ್ಣ ಊಟಕ್ಕೆ ಮನೆಗೆ ಬರುವ ಹೊತ್ತಾಗಿ, ಅಂಗಡಿ ನೋಡಿಕೊಳ್ಳಲು ನಾನು ಓಡಬೇಕಾಗುತ್ತಿತ್ತು. ಮಷಿನ್ ಬಂದ್ ಮಾಡಿ, ಮರದ ಹೊಟ್ಟು ಕೂತ ಹಲಗೆಯನ್ನು ಹಾಗೇ ಬಿಟ್ಟು ಹೋಗಿ, ಸಂಜೆ ಬಂದು ಝಾಡಿಸಿ ನೋಡುತ್ತಿದ್ದೆ. ನುಣುಪಾಗಿ ಬರುತ್ತಿದ್ದವು ಆ ಮಧ್ಯಾಹ್ನದ ಹಲಗೆಗಳೇ. ಸಂಜೆ ಎದುರಿಗೆ ನಿಂತು ಕೆತ್ತಿಸಿದ್ದು ಒಂದೂ ಬರಲಿಲ್ಲ. ಹೇಗೆ ಬಂತೆಂದು ನನಗೇ ಗೊತ್ತಿಲ್ಲದ ಹಲಗೆಯನ್ನು ಅಣ್ಣನಿಗೆ ತೋರಿಸಿ ಗೆದ್ದೆ ಎನ್ನಲು ನನಗೆ ಧೈರ್ಯವಿರಲಿಲ್ಲ.

ಮೊದಲು ನನ್ನ ಮೇಲೆಯೇ ಸಂಶಯ ಬಂತು. ಖೋಲಿಯ ಪರಸಿಕಲ್ಲು ನನ್ನ ಭಾರಕ್ಕೆ ಅಲುಗುತ್ತಿರಬೇಕು, ಅದಕ್ಕೇ ಮಷಿನ್ ನಡುಗುತ್ತದೆ ಎಂದುಕೊಂಡೆ. ಮಷಿನ್ ಹಚ್ಚಿ ಹಿತ್ತಲಲ್ಲಿ ನಿಂತೆ.

"ಯಾಕ ಹೊರಗ ನಿಂತೀರಿ, ಒಳಗ ಹಾವು ಬಂದೈತೇನು?" ಎಂದು ವೈನಿ, ಅಣ್ಣನ ಹೆಂಡತಿ, ಕೇಳಿದಳು.

"ಇಲ್ಲ ವೈನಿ. ನಾ ಒಳಗಿದ್ರ ಅದು ಸರಿ ಕೆಲಸಾ ಮಾಡವಲ್ದು."

ವೈನಿ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ಆ ಹಲಗೆಗೂ ಗೀರು ಬಿದ್ದಿತ್ತು.

ಆಗ ಅಣ್ಣನ ಮೇಲೆ ಕಣ್ಣು ಬಿತ್ತು. ಮಷಿನ್ನಿಗೆ ಹೊದಿಸಿದ ಬಟ್ಟೆಯನ್ನು ಯಾರೋ ಎತ್ತಿ, ಅಂಗಡಿಯಲ್ಲಿ ಚೀಲದ ಬಾಯಿ ಮಡಚುವ ಹಾಗೆ ಮಡಚಿ ಇಟ್ಟಿದ್ದರು. ಅವನ ಬಲಗೈ ಹೆಬ್ಬೆರಳು ಕೆಂಪಗೆ ಕಂದಿತ್ತು, ಸ್ಕ್ರೂ ತಿರುಗಿಸಿದವರ ಬೆರಳಿನಂತೆ. ಬೆಳಿಗ್ಗೆ ಹಲ್ಲುಜ್ಜುತ್ತ ಖೋಲಿಯ ಬಾಗಿಲಲ್ಲಿ ನಿಂತು ಎಷ್ಟು ಚೀಲ ಹಿಡಿದೀತು ಎಂದು ಅಳೆಯುವವನ ಹಾಗೆ ಒಳಗೆ ನೋಡುತ್ತಿದ್ದ. ನನ್ನ ತಲೆಯಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಬೆಳಿಗ್ಗೆ ನಾನು ಸ್ಕ್ರೂಗಳನ್ನು ಬಿಗಿದು ಮಷಿನ್ ಹಚ್ಚುತ್ತೇನೆ, ಮಧ್ಯಾಹ್ನದ ಹಲಗೆ ಅವನು ಬರುವ ಮೊದಲೇ ಮುಗಿದಿರುತ್ತದೆ, ಅದಕ್ಕೇ ಅದು ನುಣುಪು. ಊಟ ಮಾಡಿದವನು ಬಂದು ಸ್ಕ್ರೂ ಸಡಿಲಿಸುತ್ತಾನೆ, ಅದಕ್ಕೇ ಸಂಜೆಯದು ಗೀರು. ಅವನು ಊಟಕ್ಕೆ ಬಾರದೆ ಹಾವೇರಿಗೆ ಹೋದ ದಿನ ಮಧ್ಯಾಹ್ನದ ಹಲಗೆಗೂ ಗೀರು ಬಿದ್ದಿತ್ತು. ಅದೊಂದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅವ್ವನ ಎಲೆ ಅಡಿಕೆ ಡಬ್ಬಿಯಿಂದ ಸುಣ್ಣ ತಂದೆ. ಪ್ರತಿ ಸ್ಕ್ರೂವಿನ ತಲೆಯಿಂದ ಅದರ ಪಕ್ಕದ ತಗಡಿನವರೆಗೆ ಕಡ್ಡಿಯಿಂದ ಒಂದೊಂದು ಗೆರೆ ಎಳೆದೆ. ಯಾರಾದರೂ ಸ್ಕ್ರೂ ತಿರುವಿದರೆ ಗೆರೆ ಮುರಿಯಬೇಕು. ಮರುದಿನ ಅಣ್ಣ ಉಂಡು ಅಂಗಡಿಗೆ ಬಂದ ಕೂಡಲೇ ನೆಪ ಹೇಳಿ ಮನೆಗೆ ಬಂದು ನೋಡಿದರೆ, ರೌಟರನ್ನು ಹಿಡಿದ ಪಟ್ಟಿಯ ಸ್ಕ್ರೂ ಒಂದರ ಗೆರೆ ಮುರಿದಿತ್ತು. ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಅಂಗಡಿಗೆ ಹೋದೆ. ಅಣ್ಣ ಮೇಡ್ಲೇರಿಯ ರೈತರೊಬ್ಬರಿಗೆ ಬೀಜ ತೋರಿಸುತ್ತಿದ್ದ.

"ಖೋಲಿ ಬೇಕಾಗಿದ್ರ ಬಾಯಿ ಬಿಟ್ಟ ಕೇಳು ಅಣ್ಣಾ. ಸ್ಕ್ರೂ ಯಾಕ ಸಡಿಲ ಮಾಡ್ತಿ?"

"ನಾ ನಿನ್ನ ಮಷಿನ್ ಮುಟ್ಟಿಲ್ಲ."

"ಖೋಲ್ಯಾಗ ಹೋಗಿಲ್ಲೇನು?"

ಅವನ ಕಿವಿ ಕೆಂಪಾದವು. ರೈತರ ಕಡೆ ತಿರುಗಿ, "ನಿಮ್ದು ಕರಿ ಹೊಲಾ ಏನ್ರಿ, ಮಸಾರಿ?" ಎಂದು ಕೇಳಿದ. ಸಿಕ್ಕಿಬಿದ್ದ ಎಂದುಕೊಂಡೆ.

ಅಂದಿನಿಂದ ಖೋಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಅಣ್ಣ ನೋಡಿದ. ಇನ್ನು ಎಲ್ಲ ಹಲಗೆಗಳೂ ನುಣುಪಾಗಬೇಕಿತ್ತು. ಆದದ್ದು ತಿರುಗುಮುರುಗು. ಮಧ್ಯಾಹ್ನದವಕ್ಕೂ ಗೀರು, ಸಂಜೆಯವಕ್ಕೂ ಗೀರು. ಕೀಲಿ ಹಾಕಿದ ಖೋಲಿಯಲ್ಲೇ ಆ ಸುಣ್ಣದ ಗೆರೆ ಮತ್ತೆ ಮುರಿದಿತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ. ರೌಟರಿನ ನಡುಕಕ್ಕೆ ಸ್ಕ್ರೂ ತಾನೇ ತಿರುಗುತ್ತಿತ್ತು.

ಬಿಟ್ಟು ತೆಗೆದು ಆ ಜಾಗಕ್ಕೆ ಬಗ್ಗಿಸಿದ ತಂತಿ ಸಿಗಿಸಿ, ಕೈಯಿಂದ ಸುತ್ತ ತಿರುಗಿಸಿ ನೋಡಿದೆ. ಒಂದು ಕಡೆ ತಂತಿಯ ತುದಿ ಹಲಗೆಗೆ ತಾಗುತ್ತಿತ್ತು, ಎದುರಿನ ಕಡೆ ಅದರ ಕೆಳಗೆ ಕಾಗದ ಸಲೀಸಾಗಿ ತೂರುತ್ತಿತ್ತು. ರೌಟರು ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ವಾಲಿದ ಬಿಟ್ಟಿನ ಒಂದು ಅಂಚು ಆಳಕ್ಕೆ ಇಳಿಯುತ್ತದೆ, ಇನ್ನೊಂದು ಮೇಲೆ ಉಳಿಯುತ್ತದೆ. ಗೀರು ಹುಟ್ಟುತ್ತಿದ್ದುದು ಅಲ್ಲಿ. ಸ್ಕ್ರೂಗೆ ಸ್ಪ್ರಿಂಗ್ ವಾಷರ್ ಹಾಕಿದೆ. ಪಟ್ಟಿಯ ಸಂದಿಗೆ ಬೀಜದ ಪಾಕೀಟಿನ ಒಂದು ತುಂಡು ಕತ್ತರಿಸಿ ಕೊಟ್ಟೆ. ತಂತಿ ಸುತ್ತಲೂ ಒಂದೇ ಸಮ ತಾಗಿತು.

ಹಲಗೆ ಸರಿ ಬಂತು, ಆದರೆ ನನಗೆ ಸಮಾಧಾನವಾಗಲಿಲ್ಲ. ಅಣ್ಣ ಸ್ಕ್ರೂ ಮುಟ್ಟಿರಲಿಲ್ಲ, ಖರೇ. ಹಾಗಾದರೆ ವಾಲಿದ ರೌಟರಿನಿಂದ ಮೊದಲಿನ ಹಲಗೆಗಳು ನುಣುಪಾಗಿ ಹೇಗೆ ಬಂದವು? ಖೋಲಿಯಲ್ಲಿ ಅವನಿಗೆ ಏನು ಕೆಲಸವಿತ್ತು? ಇದು ಬಗೆಹರಿಯದೆ ತಪ್ಪಾಯಿತು ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ.

ಮಿರಗ ಹತ್ತಿರ ಬಂದು, ಬೀಜದ ಚೀಲಗಳು ಬಂದು ಪಡಸಾಲೆಯಲ್ಲಿ ಇಳಿದವು. ಅಂದು ಅಕ್ಕನೂ ಬ್ಯಾಡಗಿಯಿಂದ ಬಂದಿದ್ದಳು. ನಾನು ಕೀಲಿ ತೆಗೆದು, ಆಗಷ್ಟೇ ಮುಗಿದ ಸಾಗವಾನಿ ಹಲಗೆಯನ್ನು ಹೊಟ್ಟಿನ ಸಮೇತ ತಂದು ಎಲ್ಲರ ಎದುರಿಗೆ ಅಣ್ಣನ ಕೈಗೆ ಕೊಟ್ಟೆ. ಅವನು ಊದಿ, ಹೆಬ್ಬೆರಳು ಆಡಿಸಿದ. ಉಗುರು ಆಡಿಸಿದ. ಬಾಗಿಲ ಬೆಳಕಿಗೆ ಹಿಡಿದು ಮತ್ತೆ ಉಗುರು ಆಡಿಸಿದ. ಮುಖದಲ್ಲಿ ಸಂತೋಷವಿರಲಿಲ್ಲ, ಸಂಶಯವಿತ್ತು.

"ಇದನ್ನ ಯಾರ್ ತಿಕ್ಯಾರ?"

"ಯಾರೂ ತಿಕ್ಕಿಲ್ಲ. ಮಷಿನ್ ಮ್ಯಾಲಿಂದ ಹಂಗ ತಂದೇನಿ."

"ಸುಳ್ಳ ಹೇಳಬ್ಯಾಡ. ಪಾಲೀಷ್ ಪೇಪರ್ ಹಚ್ಚಲಾರದ ನಿನ್ನ ಹಲಗಿ ಒಂದರ ಹಿಂಗ ಬಂದೈತೇನು? ಈ ಮೂಲ್ಯಾಗಿನ ಗೀರಂತೂ ಎಷ್ಟ ತಿಕ್ಕಿದ್ರೂ ಹೋಗ್ತಿದ್ದಿಲ್ಲ."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂಬುದು ಗೊತ್ತಾಯಿತು. ಅವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ನಿನಗ ಹೆಂಗ ಗೊತ್ತೋ ಅದು?" ಎಂದು ಅಕ್ಕ ಕೇಳಿದಳು.

ಅಣ್ಣ ಹಲಗೆಯನ್ನು ಮೊಳಕಾಲ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತ. "ಸಿಟ್ಟಿನ್ಯಾಗ ಎಲ್ಲಾರ ಮುಂದ ಮಾತ ಆಡಿಬಿಟ್ಟಿದ್ದೆ. ಹಿಂದ ತಗೋಳಾಕ ಬರೂಹಂಗಿರಲಿಲ್ಲ. ಹಲಗಿ ಛಲೋ ಬಂದ್ರ ಮಾತೂ ಉಳೀತದ, ಇಂವನ ಖೋಲೀನೂ ಉಳೀತದ ಅಂತ..."

ದಿನಾ ಉಂಡ ಕೂಡಲೇ ಅಡ್ಡಾಗುತ್ತಿದ್ದ ಮನುಷ್ಯ ನಿದ್ದೆ ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡು, ನಾನು ಬರುವುದರೊಳಗೆ ನನ್ನ ಗೀರುಗಳನ್ನು ತಿಕ್ಕುತ್ತಿದ್ದ. ಮೇಲೆ ಮತ್ತೆ ಹೊಟ್ಟು ಉದುರಿಸಿ ಇಡುತ್ತಿದ್ದ. ಅವನನ್ನು ನಾನು ಗಿರಾಕಿಯ ಮುಂದೆ ಕಳ್ಳನನ್ನು ಕೇಳಿದ ಹಾಗೆ ಕೇಳಿದ್ದೆ. ತಪ್ಪಾಯಿತು ಅಣ್ಣಾ ಎನ್ನಬೇಕೆಂದು ಬಾಯಿ ತೆರೆದೆ.

"ಚೀಲಾ ಇಲ್ಲೇ ಇರಲಿ" ಎಂದ ಅಣ್ಣ, ನಾನು ಮಾತಾಡುವ ಮೊದಲೇ. ಹಲಗೆಯನ್ನು ಅಕ್ಕನ ಕೈಗೆ ಕೊಟ್ಟು ಎದ್ದ.

ಪಡಸಾಲೆಯಲ್ಲಿ ಅವನು ಹಾಸಿಗೆ ಹಾಸುತ್ತಿದ್ದ ಜಾಗವೆಲ್ಲ ಚೀಲಗಳಿಗೆ ಹೋಯಿತು. ಆ ಮಳೆಗಾಲ ಮುಗಿಯುವವರೆಗೆ ಅಣ್ಣ ಊಟವಾದ ಮೇಲೆ ಚೀಲಗಳ ಮೇಲೆಯೇ ಅಡ್ಡಾಗುತ್ತಿದ್ದ.