ಟೀವಿಯ ಸವತಿ, ಕೊರಳಿನ ಸವತಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ ಕೆಲಸಕ್ಕೆ ಬೇರೆ ಸಬೂಬು ನನ್ನ ಹತ್ತಿರ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಅವ್ವ ಸತ್ತು ಮೂರು ವರ್ಷವಾಗಿತ್ತು. ನಾನು ಬೆಳಗಾವಿಯಲ್ಲಿ ಅವಳ ತವರಿನಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಿದ್ದೆ. ಅಪ್ಪ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಶನಿವಾರ ಲೋಂಡಾ ಕಡೆಯ ಪ್ಯಾಸೆಂಜರ್ ಹತ್ತಿ ಅಪ್ಪನ ಮನೆಗೆ ಹೋಗಿ, ರವಿವಾರ ಸಂಜೆ ಹೊಳ್ಳಿ ಬರುತ್ತಿದ್ದೆ. ಆ ಮನೆಯಲ್ಲಿ ಈಗ ಚಿಗವ್ವ ಇದ್ದಳು, ಅಪ್ಪನ ಎರಡನೆಯ ಹೆಂಡತಿ. ಅವ್ವ ಕೂರುತ್ತಿದ್ದ ಮಣೆಯ ಮೇಲೇ ಕೂತು ರೊಟ್ಟಿ ಬಡಿಯುತ್ತಿದ್ದಳು.

ಅವಳ ಕೊರಳಲ್ಲಿ ತಾಳಿಯ ಜೊತೆಗೆ, ಕರಿ ದಾರದಲ್ಲಿ ಒಂದು ಬೆಳ್ಳಿಯ ಬಿಲ್ಲೆ ಇತ್ತು. ನಮ್ಮಂಥ ಕೆಲವು ಮನೆತನಗಳಲ್ಲಿ, ಹೆಂಡತಿ ಸತ್ತವನನ್ನು ಮದುವೆಯಾದವಳು ಸತ್ತವಳ ಹೆಸರಿನ ಬಿಲ್ಲೆ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಮೊದಲಿನವಳು ಹೊಟ್ಟೆಕಿಚ್ಚಿನಿಂದ ಮನೆಯಲ್ಲೇ ತಿರುಗುತ್ತಾಳೆ ಎಂಬ ನಂಬಿಕೆ. ಬಿಲ್ಲೆಯ ಮೇಲೆ ಅಕ್ಕಸಾಲಿಗ ಎರಡು ಕಣ್ಣು, ಒಂದು ಮೂಗು ಕೊರೆದಿದ್ದ. ಬಾಯಿ ಕೊರೆದಿರಲಿಲ್ಲ. ಚಿಗವ್ವ ಮೊದಲ ತುತ್ತನ್ನು ಅದಕ್ಕೆ ಮುಟ್ಟಿಸಿಯೇ ಉಣ್ಣುವವಳು. ಹೊಸ ಸೀರೆ ಬಂದರೂ ಮೊದಲು ಅದಕ್ಕೆ ತೋರಿಸುವವಳು. ನೋಡಿದರೆ ನನ್ನ ಮೈ ಉರಿಯುತ್ತಿತ್ತು. ನನ್ನ ಅವ್ವ ಇವಳ ಕೊರಳಿಗೆ ಯಾಕೆ ಜೋತುಬೀಳಬೇಕು?

ಓಣಿಗೆಲ್ಲ ಒಂದೇ ಟೀವಿ, ನಮ್ಮದು. ಬೆಳಗಾವಿಯಿಂದ ಬರುವ ಚಿತ್ರ ಖಾನಾಪುರ ಮುಟ್ಟುವಷ್ಟರಲ್ಲಿ ಸೊರಗಿರುತ್ತಿತ್ತು. ಪರದೆಯ ಮೇಲೆ ಪ್ರತಿಯೊಬ್ಬರ ಬಲಕ್ಕೆ ಅವರದೇ ಇನ್ನೊಂದು ಬಿಳಿಚಿದ ಆಕಾರ ನಿಂತಿರುತ್ತಿತ್ತು, ಅವರು ಬಾಯಿ ತೆರೆದರೆ ಅದೂ ತೆರೆಯುತ್ತಿತ್ತು. ಅಪ್ಪ ಆಂಟೆನಾ ಎಷ್ಟು ತಿರುವಿದರೂ ಹೋಗಲಿಲ್ಲ. ಚಿಗವ್ವ ಅವಕ್ಕೆ ‘ಬಾಜೂದವರು’, ಅಂದರೆ ಪಕ್ಕದವರು, ಎಂದು ಹೆಸರಿಟ್ಟಿದ್ದಳು.

ರವಿವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಒಬ್ಬಳು ಕಾಯಿಲೆ ಬಿದ್ದು ತವರಿಗೆ ಹೋಗಿ, ಗುಣವಾಗಿ ಬರುವಷ್ಟರಲ್ಲಿ ಗಂಡ ಇನ್ನೊಬ್ಬಳನ್ನು ತಂದಿದ್ದ. ಅಂದಿನಿಂದ ಅವಳಿಗೆ ಆ ಮನೆ ಸುಡುವುದೊಂದೇ ಕೆಲಸ. ಅವಳು ಪರದೆಗೆ ಬಂದಳೆಂದರೆ ಓಣಿಯ ಹೆಂಗಸರು ನೆಟಿಗೆ ಮುರಿದು ಶಾಪ ಹಾಕುತ್ತಿದ್ದರು. ನಾನೊಬ್ಬಳೇ ಅವಳ ಪಕ್ಷ. ಒಂದು ರವಿವಾರ ತಡೆಯಲಾಗದೆ ಕೂಗಿಬಿಟ್ಟೆ: "ಆಕೀದೇನ್ ತಪ್ಪೈತಿ? ಆಕಿ ಜಾಗಾ ಕಸಗೊಂಡಾಕಿನ ಯಾಕ ಬೈಯೂದಿಲ್ಲ ನೀವು?"

ಬಾಜೂ ಮನೆಯ ಮುದುಕಿ ನನ್ನ ಮುಖವನ್ನೇ ನೋಡಿ, ಮೆಲ್ಲಗೆ, ಇದು ಹುಡುಗಿಯ ದನಿಯಲ್ಲ, ಇವರವ್ವನ ದನಿ ಎಂದಳು. ಚಿಗವ್ವ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳಿಗಾಗ ಐದು ತಿಂಗಳು. ಅವಳು ಅಂಜಿದ್ದು ಕಂಡು ನನಗೆ ಖುಷಿಯಾಯಿತು. ಖರೇ ಹೇಳುತ್ತೇನೆ, ಖುಷಿಯೇ ಆಯಿತು.

ಅಂದೇ ಮಧ್ಯಾಹ್ನ ಅವಳು ದಾರ ಬದಲಿಸಲು ಬಿಲ್ಲೆ ಬಿಚ್ಚಿ, ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ದೇವರ ಜಗಲಿಯ ಮೇಲಿಟ್ಟಳು. ನಾನು ಅದನ್ನು ಕಂಪಾಸಿನ ಡಬ್ಬಿಯಲ್ಲಿ ಹಾಕಿಕೊಂಡು ಗಾಡಿ ಹತ್ತಿದೆ.

ಮುಂದಿನ ವಾರ ಹೊಟ್ಟೆನೋವೆಂದು ಸುಳ್ಳು ಹೇಳಿ ಖಾನಾಪುರಕ್ಕೆ ಹೋಗಲಿಲ್ಲ. ಆದರೆ ಬೆಳಗಾವಿಯಲ್ಲಿ ಒಂದು ವಿಚಿತ್ರ ಶುರುವಾಗಿತ್ತು. ಉಣ್ಣಲು ಕೂತರೆ ಮೊದಲ ತುತ್ತು ಹಿಡಿದ ಕೈ ಕೊರಳ ಹತ್ತಿರ ಬಂದು ನಿಂತುಬಿಡುತ್ತಿತ್ತು. ನಾನು ನಿಲ್ಲಿಸುತ್ತಿರಲಿಲ್ಲ, ತಾನೇ ನಿಲ್ಲುತ್ತಿತ್ತು. ಅಜ್ಜಿ ಏನಾಯಿತೆಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದೆ. ಅಷ್ಟರಲ್ಲಿ ಅಪ್ಪನಿಂದ ಸುದ್ದಿ ಬಂತು: ಚಿಗವ್ವ ಸರಿಯಾಗಿ ಉಣ್ಣುತ್ತಿಲ್ಲ, ತುತ್ತು ಎತ್ತಿ ಹಾಗೇ ಇಡುತ್ತಾಳೆ, ಡಾಕ್ಟರು ಕೂಸಿನ ಚಿಂತೆ ಮಾಡುತ್ತಿದ್ದಾರೆ. ಅವಳನ್ನು ಹೆದರಿಸಬೇಕೆಂದಿದ್ದೆ, ನಿಜ. ಹೊಟ್ಟೆಯೊಳಗಿನ ಕೂಸಿನ ನೆನಪೇ ನನಗೆ ಆಗಿರಲಿಲ್ಲ.

ಅದರ ಮುಂದಿನ ಶನಿವಾರ ಹೋದಾಗ ಚಿಗವ್ವ ಕಡ್ಡಿಯಾಗಿದ್ದಳು. ಬಿಲ್ಲೆಯ ಮಾತು ಎತ್ತಲಿಲ್ಲ. ಬಾಜೂ ಮನೆಯ ಮುದುಕಿ ಮಾತ್ರ, ಹೋದ ರವಿವಾರ ಟೀವಿಯಲ್ಲಿ ಬಾಜೂದವರು ಒಬ್ಬರೂ ಕಾಣಲಿಲ್ಲ, ಎಲ್ಲರಿಗೂ ಒಂದೊಂದೇ ಮುಖವಿತ್ತು ಎಂದಳು. ಗಾಳಿಗೆ ಆಂಟೆನಾ ಹೊರಳಿರಬೇಕು ಎಂದ ಅಪ್ಪ. ನಾನು ಕಂಪಾಸಿನ ಡಬ್ಬಿಯಿದ್ದ ಪಾಟೀಚೀಲವನ್ನು ಹತ್ತಿರಕ್ಕೆ ಎಳೆದುಕೊಂಡೆ.

ಮರುದಿನ ಟೀವಿ ಹಚ್ಚಿದೆವು. ಪ್ರತಿಯೊಬ್ಬರ ಬಲಕ್ಕೂ ಆ ಬಿಳಿಚಿದವರು ಮತ್ತೆ ನಿಂತಿದ್ದರು. ಚಿಗವ್ವ ಪರದೆ ನೋಡಿದಳು. ಆಮೇಲೆ ನನ್ನ ಪಾಟೀಚೀಲ ನೋಡಿದಳು.

ಅಂದು ಧಾರಾವಾಹಿಯ ಆ ಕೆಟ್ಟವಳು ಸೋತು, ಮಳೆಯಲ್ಲಿ ನೆನೆಯುತ್ತ ಹಳೆಯ ಮನೆಯ ಬಾಗಿಲು ಬಡಿಯುತ್ತಿದ್ದಳು. ತೆರೆಯಬೇಡ, ನಾಯಿ ಬಾಲ ಎಂದೂ ಡೊಂಕೇ ಎಂದು ಹೆಂಗಸರು ಗದ್ದಲ ಹಾಕಿದರು. ಬಾಗಿಲು ತೆರೆಯಲೇ ಇಲ್ಲ. ಕಥೆ ಅಲ್ಲಿಗೇ ಮುಗಿಯಿತು.

"ತೆಗೀಬೇಕಿತ್ತು," ಎಂದಳು ಚಿಗವ್ವ. "ಮಾಡಿದ್ದು ತಪ್ಪ ಐತಿ. ಆದರ ಮನಿ ಮೊದಲ ಆಕೀದು."

ಎಲ್ಲರೂ ಹೋದ ಮೇಲೆ ಅವಳು ತಾಟಿಗೆ ಅನ್ನ ಹಾಕಿಕೊಂಡು ಕೂತಳು. ತುತ್ತು ಕಲಸಿ ಎತ್ತಿದ ಕೈ ಕೊರಳ ಹತ್ತಿರ ನಿಂತಿತು. ಆಮೇಲೆ ಆ ತುತ್ತನ್ನು ನನ್ನ ಬಾಯಿಗೆ ಇಟ್ಟಳು. ಅತ್ತುಬಿಟ್ಟೆ. ಓಡಿಹೋಗಿ ಡಬ್ಬಿ ತಂದು ಬಿಲ್ಲೆಯನ್ನು ಅವಳ ಮುಂದಿಟ್ಟೆ.

ಅವಳು ಬೈಯಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಜಗಲಿಯ ಮೇಲಿದ್ದ ಹೊಸ ದಾರ ತಂದು ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತಳು. ನಾನು ಬಿಲ್ಲೆಗೆ ದಾರ ಪೋಣಿಸಿ ಅವಳ ಕೊರಳಿಗೆ ಸುತ್ತಿದೆ.

"ಗಂಟ ಗಟ್ಟಿ ಹಾಕವ್ವಾ," ಎಂದಳು ಬಿಲ್ಲೆಯ ಮೇಲೆ ಕೈಯಿಟ್ಟು. "ಮತ್ತ ನೀವಿಬ್ರೂ ಬಿಟ್ಟು ಹೋಗಬಾರದು."