ನಾನು ಓದದೆ ಬಿಟ್ಟ ಸಾಲು

ಮೊದಲ ಸಲ ರಕ್ತ ಬಿದ್ದದ್ದು ಎರಡನೇ ಇಯತ್ತೆಯ ಮಕ್ಕಳೆದುರು. ಮೂಡಲಗಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಆರರ ಮಗ್ಗಿ ಹೇಳಿಸುತ್ತಿದ್ದೆ. ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ತೆಗೆದಾಗ ಅದು ಕೆಂಪಾಗಿತ್ತು. ಮಕ್ಕಳು ಮಗ್ಗಿ ನಿಲ್ಲಿಸಲಿಲ್ಲ. ನಾನೂ ಸೆರಗನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೊನೆಯವರೆಗೆ ಹೇಳಿಸಿದೆ.

ಮರುದಿನ ಗೋಕಾಕಕ್ಕೆ ಹೋದೆವು. ಡಾಕ್ಟರು ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಕಡೆ ನೋಡದೆ ಯಜಮಾನರಿಗೆ ಹೇಳಿದರು: "ಬಲಗಡೆ ಟಿ.ಬಿ. ಆಗೇತ್ರಿ. ಮನ್ಯಾಗ ಸಣ್ಣ ಕೂಸು ಐತೇನು?"

ಇತ್ತು. ಸುಶೀಲೆಗೆ ಆಗ ಎರಡೂವರೆ ವರ್ಷ.

ಅವಳನ್ನು ಎತ್ತಿಕೊಳ್ಳದೆ ಮನೆ ಬಿಟ್ಟೆ.

ಸ್ಯಾನಿಟೋರಿಯಂ ಇದ್ದದ್ದು ಘಟಪ್ರಭೆಯ ಆಚೆ, ಧುಪದಾಳದ ದಾರಿಯಲ್ಲಿ. ಉದ್ದನೆಯ ವಾರ್ಡು, ಎರಡೂ ಬದಿ ತೆರೆದ ವರಾಂಡ. ಗಾಳಿಗೆ ಅಲ್ಲಿ ಬರವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಹಾಲು, ಮೊಟ್ಟೆ, ಮತ್ತೆ ಬೆಡ್ ರೆಸ್ಟ್. ಏಳಬಾರದು, ಜೋರಾಗಿ ಮಾತಾಡಬಾರದು, ಮಕ್ಕಳನ್ನು ಕರೆತರಬಾರದು. ಸಿಸ್ಟರ್ ಒಳ್ಳೆಯವಳೇ. ಆದರೆ ನನ್ನನ್ನು ಮಂಚದ ನಂಬರಿನಿಂದ "ಹನ್ನೊಂದು" ಎನ್ನುತ್ತಿದ್ದಳು.

ಸೂಜಿಗೆ ನಾನು ಬೇಗ ಒಗ್ಗಿಕೊಂಡೆ. ಒಗ್ಗದೇ ಹೋದದ್ದು ಸುಮ್ಮನಿರುವುದು. ಮಲಗಿದಲ್ಲೇ ಕಾಲು ಅಲ್ಲಾಡಿಸುತ್ತಿದ್ದೆ. ಈಗ ಸಾಲೆ ಬಿಟ್ಟಿರಬೇಕು, ಈಗ ಸುಶಿ ಉಂಡಿರಬೇಕು, ಈಗ ಅತ್ತೆ ಅವಳ ತಲೆ ಬಾಚುತ್ತಿರಬೇಕು ಎಂದು ಇಲ್ಲಿಂದಲೇ ಮನೆಯನ್ನು ನಡೆಸುತ್ತಿದ್ದೆ. ಯಾವಾಗ ಏಳಬೇಕು, ಏನು ಉಣ್ಣಬೇಕು, ಯಾವಾಗ ದೀಪ ಆರಬೇಕು ಎಂಬುದೆಲ್ಲ ಬೇರೆಯವರ ಕೈಯಲ್ಲಿದ್ದರೆ ಮನುಷ್ಯನಿಗೆ ತನ್ನದೆಂದು ಉಳಿಯುವುದು ಚಡಪಡಿಕೆ ಒಂದೇ.

ಮೂರು ತಿಂಗಳಾದರೂ ತೂಕ ಏರಲಿಲ್ಲ. ಇಳಿಯಿತು.

ಪಕ್ಕದ ಮಂಚದಲ್ಲಿ ಲಗಮವ್ವ ಇದ್ದಳು. ಹುಕ್ಕೇರಿ ಕಡೆಯ ಹಳ್ಳಿಯವಳು, ಕುರಿ ಕಾಯುವ ಮನೆತನ, ವಿಧವೆ. ಬಂದು ಒಂದೂವರೆ ವರ್ಷವಾಗಿತ್ತು. ಕಫದಲ್ಲಿ ರೋಗ ಕಾಣುತ್ತಿರಲಿಲ್ಲ, ಆದರೂ ಬಡಕಲಾಗಿದ್ದಳು. ತಟ್ಟೆಯನ್ನು ಹಾಗೆಯೇ ತಿರುಗಿಸಿ ಕಳಿಸುತ್ತಿದ್ದಳು. ಆ ವಾರ್ಡಿನಲ್ಲಿ ಮೊದಲು ನನ್ನ ಹೆಸರು ಕೇಳಿದವಳು ಅವಳೇ. ಸಾಲೆಯ ಅಕ್ಕೋರು ಎಂದು ತಿಳಿದ ದಿನ ದಿಂಬಿನ ಕೆಳಗಿನಿಂದ ಒಂದು ಕಾರ್ಡು ತೆಗೆದಳು.

"ನಿನ್ನೆ ಬಂದೈತಿ. ನನ್ನ ಮಗ ಬರಸ್ಯಾನ. ಓದರಿ ಅಕ್ಕೋರ."

ಓದಿದೆ, ಮೊದಲು ಮನಸ್ಸಿನಲ್ಲಿ. ತಂಗಿಯ ಮದುವೆ ಗೊತ್ತಾಗಿದೆ ಎಂದಿತ್ತು. ಮನೆಯಲ್ಲಿ ಎಲ್ಲರೂ ಆರಾಮ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು.

"ಅವ್ವ ತೀರಿಕೊಂಡಳೆಂದು ಬೀಗರಿಗೆ ಹೇಳಿದ್ದೇವೆ. ನೀನು ಬರಬೇಡ."

ನಾನು ಆ ಸಾಲನ್ನು ಓದಲಿಲ್ಲ. ಅದರ ಬದಲು, "ನೀನು ಆರಾಮಾಗಿ ಮದುವೆಗೆ ಬಾ" ಎಂದು ಓದಿದೆ. ಮಕ್ಕಳಿಗೆ ಪಾಠ ಓದುವ ಅದೇ ದನಿಯಲ್ಲಿ.

ಲಗಮವ್ವ ಅಂದಿನಿಂದ ಉಣ್ಣತೊಡಗಿದಳು. ಬ್ರೆಡ್ಡು ಬೇಡ, ಜೋಳದ ರೊಟ್ಟಿ ಬೇಕೆಂದು ಅಡುಗೆಯವರೊಡನೆ ಜಗಳ ತೆಗೆದು ಗೆದ್ದಳು. ಹಾಲನ್ನು ಕಣ್ಣುಮುಚ್ಚಿ ಕುಡಿದಳು. ವರಾಂಡದಲ್ಲಿ ಅಡ್ಡಾಡಿದಳು. ತೂಕದ ಕಾಟಾದ ಮೇಲೆ ನಿಂತು ಸಿಸ್ಟರ್ ಕಡೆ ನೋಡಿ ನಗುತ್ತಿದ್ದಳು. ಅವಳ ಮುಖ ತುಂಬಿದಂತೆಲ್ಲ ನನ್ನ ನಿದ್ದೆ ಹಾರಿತು. ಔಷಧಿಯಿಂದ ಆಗದ್ದು ನನ್ನ ಸುಳ್ಳಿನಿಂದ ಆಗಿತ್ತು. ಆ ಸುಳ್ಳು ಎಷ್ಟು ದಿನ ನಿಲ್ಲುತ್ತದೆ? ನನ್ನ ಟೆಂಪರೇಚರ್ ಚಾರ್ಟಿನ ಗೆರೆ ಮೇಲೇರಿತು. ಡಾಕ್ಟರು ಕಾರಣ ಕೇಳಿದರು. ಸೆಕೆ ಎಂದೆ.

ಒಂದು ಮುಂಜಾನೆ ರೌಂಡಿಗೆ ಬಂದ ಡಾಕ್ಟರು ಲಗಮವ್ವನ ಕಾಗದಗಳನ್ನು ನೋಡಿ, "ಲಗಮವ್ವ, ಮಗಳ ಮದಿವಿಗೆ ಹೋಗಿ ಬಾ. ಬೇಕಾದ್ರ ಅಲ್ಲೇ ಇದ್ದು ಬಿಡು. ನಿನಗೀಗ ಏನೂ ಇಲ್ಲ" ಎಂದರು.

ಅವಳು ಆಗಲೇ ಸೀರೆ ಮಡಿಸತೊಡಗಿದ್ದಳು. ಚಪ್ಪರದ ಕೆಳಗೆ, ಬೀಗರ ಎದುರು, ಸತ್ತವಳಂತೆ ನಿಂತ ಅವಳು ಕಣ್ಣಿಗೆ ಕಟ್ಟಿದಳು. ಏಳಬಾರದ ನಾನು ಎದ್ದು ಹೋಗಿ ಅವಳ ಮಂಚದ ಮೇಲೆ ಕುಳಿತೆ.

"ಲಗಮವ್ವ, ನಾ ತಪ್ಪು ಮಾಡೇನಿ. ಕಾರ್ಡ ಕೊಡು. ಬರದದ್ದ ಬರದಂಗ ಓದತೇನಿ."

ಓದಿದೆ. ಸಾಲು ಮುಗಿದ ಮೇಲೂ ಅವಳು ಕಾರ್ಡನ್ನೇ ನೋಡುತ್ತಿದ್ದಳು.

"ಅದು ಯಾವ ಸಾಲು?"

ಬೆರಳಿಟ್ಟು ತೋರಿಸಿದೆ.

"ನಿಮಗ ಯಾರ ಹೇಳಿದ್ರು ನಂದು ಮುಚ್ಚಿಡಾಕ?" ಎಂದಳು. ದನಿ ಏರಲಿಲ್ಲ. "ಮಕ್ಕಳಿಬ್ರೂ ನಂಗ ಕೇಳದs ಸಾಯಿಸಿದ್ರು. ನೀವು ನಂಗ ಕೇಳದs ಬದುಕಿಸಿದ್ರಿ. ನನ್ನ ಯಾರರೆ ಕೇಳಿದ್ರೇನು?"

ಎಂಟು ದಿನ ಗೋಡೆಯ ಕಡೆ ತಿರುಗಿ ಮಲಗಿದಳು. ಆದರೆ ಉಣ್ಣುವುದನ್ನು ಬಿಡಲಿಲ್ಲ. ಸಿಟ್ಟಿನಿಂದ ಉಣ್ಣುತ್ತಿದ್ದಳು ಅನ್ನಿಸುತ್ತಿತ್ತು. ನಾನು ಎದ್ದು ಹೋಗಬೇಕೆಂದರೂ ಎಲ್ಲಿಗೆ ಹೋಗಲಿ? ನನಗೂ ಅವಳಿಗೂ ನಡುವೆ ಇದ್ದದ್ದು ಎರಡು ಮಾರು ಜಾಗ. ದಿನವಿಡೀ ಅವಳ ಬೆನ್ನನ್ನೇ ನೋಡಿದೆ. ದವಾಖಾನೆಯಲ್ಲಿ ಬದುಕುವವರಿಗೆ ಸಿಟ್ಟಾಗಿ ಹೊರಗೆ ಹೋಗುವ ಬಾಗಿಲೂ ಇರುವುದಿಲ್ಲ.

ಒಂಬತ್ತನೆಯ ದಿನ ಅವಳೇ ನನ್ನ ಮಂಚದ ಬಾಜೂ ಬಂದು ನಿಂತಳು. ಕೈಯಲ್ಲಿ ಒಂದು ಪಾಟಿ, ಬಳಪ. ತೋಟದ ಮಾಲಿಗೆ ಹೇಳಿ ಘಟಪ್ರಭೆ ಪ್ಯಾಟಿಯಿಂದ ತರಿಸಿದ್ದಳಂತೆ.

"ಕಲಸ್ರಿ. ಇನ್ಮ್ಯಾಲ ನನ್ನ ಕಾಗದ ನಾನs ಓದತೇನಿ."

ಡಾಕ್ಟರ ಅಪ್ಪಣೆ ಬೇಕಿತ್ತು. ಅವರು ನನ್ನನ್ನೂ ಪಾಟಿಯನ್ನೂ ನೋಡಿ, "ದಿನಾ ಅರ್ಧ ತಾಸು. ದನಿ ಎತ್ತಬಾರದು" ಎಂದರು. ಹೀಗೆ ನಾನು ಪಿಸುಮಾತಿನಲ್ಲಿ ಸಾಲೆ ನಡೆಸಿದೆ. ಅವಳ ಬೆರಳುಗಳು ಉಣ್ಣೆ ಹಿಂಜಿ ಗಡುಸಾಗಿದ್ದವು. ಬಳಪ ದಿನಕ್ಕೆರಡು ಮುರಿಯುತ್ತಿತ್ತು. ಎದುರು ಸಾಲಿನ ಇಬ್ಬರು ಹೆಂಗಸರು ತಾವೂ ಕಲಿಯುತ್ತೇವೆ ಎಂದರು. ಆ ಅರ್ಧ ತಾಸಿಗಾಗಿ ಉಳಿದ ದಿನವನ್ನು ಸುಮ್ಮನೆ ಮಲಗಿ ಕಳೆಯುವುದು ನನಗೆ ಸಾಧ್ಯವಾಗತೊಡಗಿತು. ಜ್ವರ ಇಳಿಯಿತು. ತೂಕ ಏರಿತು. ಇಂಜೆಕ್ಷನ್ನಿನಿಂದ ಎಂದು ಡಾಕ್ಟರು ಬರೆದುಕೊಂಡರು. ಇರಬಹುದು.

ಹೆಸರು ಬರೆಯಲು ಕಲಿತ ದಿನ ಲಗಮವ್ವ ನನ್ನಿಂದ ಒಂದು ಕಾರ್ಡು ಬರೆಸಿದಳು. "ಹಿಂಗ ಬರೀರಿ. ನಾ ಸತ್ತಿಲ್ಲ. ಬೀಗರಿಗೆ ನೀವs ಹೇಳ್ರಿ. ಹೇಳಲಿಲ್ಲಂದ್ರ ನಾ ಬಂದು ಹೇಳತೇನಿ." ಕೆಳಗೆ ತಾನೇ ಸಹಿ ಮಾಡಿದಳು. ನಾಲ್ಕು ಅಕ್ಷರಕ್ಕೆ ಅರ್ಧ ಕಾರ್ಡು ಹೋಯಿತು.

ಹದಿನೈದು ದಿನ ಉತ್ತರವಿಲ್ಲ. ನಾವಿಬ್ಬರೂ ಗೇಟಿನ ಕಡೆಯೇ ನೋಡುತ್ತಿದ್ದೆವು. ಒಂದು ಭಾನುವಾರ ಮಗ ಬಂದ, ತಲೆ ತಗ್ಗಿಸಿಕೊಂಡು. ಅವನ ಹಿಂದೆ ಕಂಬಳಿ ಹೊದ್ದ ಒಬ್ಬ ಹಿರಿಯ. ವರನ ತಂದೆ. ಅವನು ನೇರ ಡಾಕ್ಟರ ಹತ್ತಿರ ಹೋಗಿ, ಬೇನೆ ಹೋಗಿದ್ದು ಖರೆನೋ ಸುಳ್ಳೋ ಎಂದು ಕೇಳಿದ. ಡಾಕ್ಟರು ಎಕ್ಸ್-ರೇ ಕೈಗೆ ಕೊಟ್ಟರು. ವರಾಂಡದ ಬಿಸಿಲಿಗೆ ಹಿಡಿದು ಅವನು ಬಹಳ ಹೊತ್ತು ನೋಡಿದ.

"ಕುರಿ ಆಗಿದ್ರ ಹಲ್ಲು ನೋಡಿ ಹೇಳತಿದ್ದೆ, ಸಾಹೇಬ್ರ. ಇದು ನಂಗ ತಿಳ್ಯಾಂಗಿಲ್ಲ. ನೀವು ಹೇಳ್ರಿ, ಈಕಿ ಕೈಲೆ ನಮ್ಮ ಮೊಮ್ಮಕ್ಕಳು ಉಣಬಹುದೇನು?"

"ಉಣಬಹುದು."

"ಹಂಗಾರ ನಡೀರಿ ಬೀಗತಿ" ಎಂದ.

ಲಗಮವ್ವ ಮಗನ ಕಡೆ ನೋಡದೆ ಅವನ ಕೈಗೆ ಗಂಟು ಕೊಟ್ಟಳು. ನನ್ನ ಹತ್ತಿರ ಬಂದು, "ಆರಾಮಾಗ, ತಂಗಿ" ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಮನೆಗೆ ಬಂದು ಈಗ ನಾಲ್ಕು ತಿಂಗಳು. ಎದೆಯೊಳಗಿನ ಗಾಯ ಒಣಗಿದೆ, ಆದರೆ ಮಾತ್ರೆ ಬಿಡುವಂತಿಲ್ಲ. ಅತ್ತೆ ನನಗೆ ಬೇರೆ ತಾಟು ಇಟ್ಟಿದ್ದಾರೆ. ಅದರಲ್ಲೇ ಉಣ್ಣುತ್ತೇನೆ. ಒಂದೂವರೆ ವರ್ಷ ನನ್ನ ಕೂಸನ್ನು ಸಾಕಿದ ಕೈ ಅದು. ಸುಶಿ ಅವರನ್ನೇ ಅವ್ವ ಎನ್ನುತ್ತಾಳೆ. ನಾನು ಬಂದ ದಿನ ಬಾಗಿಲ ಮರೆಯಲ್ಲಿ ನಿಂತು, ಪರ ಊರಿನವರನ್ನು ಕೇಳುವಂತೆ, "ನೀವು ಯಾರ್ರಿ?" ಎಂದಳು.

ರಕ್ತ ಕಂಡಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಅತ್ತೆಗೆ "ನೀ" ಎನ್ನುವ ಅವಳು ತಿಂಗಳುಗಟ್ಟಲೆ ನನಗೆ "ಬರ್ರಿ", "ಉಣ್ರಿ" ಎನ್ನುತ್ತಲೇ ಇದ್ದಳು. ನಾನು ತಿದ್ದಲಿಲ್ಲ. ಅವಳ ಪರವಾಗಿ ಅವಳ ಮಾತನ್ನು ನಾನು ಬದಲಿಸಬಾರದು ಅನ್ನಿಸಿತು. ಮಧ್ಯಾಹ್ನ ಎರಡು ತಾಸು ಮಲಗಲೇಬೇಕೆಂಬ ಅಪ್ಪಣೆ ಇನ್ನೂ ಇದೆ. ಮೊನ್ನೆ ತಡೆಯಲಾರದೆ ಎದ್ದು ಅಂಗಳದಲ್ಲಿ ಒಣಹಾಕಿದ ಶೇಂಗಾ ಬಾಚತೊಡಗಿದ್ದೆ. ಸುಶಿ ಸೊಂಟದ ಮೇಲೆ ಕೈಯಿಟ್ಟು ಎದುರು ಬಂದು ನಿಂತಳು.

"ಏ, ನೀ ಯಾಕ ಎದ್ದಿ? ಹೋಗು, ಮಲಕೋ!"

ಹೋಗಿ ಮಲಗಿದೆ.