ಮುಂದಿನ ಗಾಲಿ ಎಳೆದ ಸಂಜೆ

ನಿಂಬೆಹಣ್ಣಿನಿಂದ ಗಾಡಿ ಓಡುವುದಿಲ್ಲ, ಡೀಸೆಲ್‌ನಿಂದ ಓಡುತ್ತದೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದವನು ನಾನು. ದೆವ್ವ, ದೃಷ್ಟಿ, ಅಮಾವಾಸ್ಯೆ ಯಾವುದನ್ನೂ ನಂಬಿದವನಲ್ಲ. ಶಾಲೆ ಏಳನೆಯ ಇಯತ್ತೆಗೇ ಮುಗಿಯಿತು. ಆಮೇಲೆ ಕಲಿತದ್ದೆಲ್ಲ ಮೋಟಾರಿನಿಂದ. ತಂತಿ ಸರಿಯಾಗಿ ಸುತ್ತಿದರೆ ತಿರುಗುತ್ತದೆ, ಸುಟ್ಟರೆ ನಿಲ್ಲುತ್ತದೆ. ಅಷ್ಟೇ ನನ್ನ ವೇದಾಂತ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ನಾನೂ ನನ್ನ ತಮ್ಮ ಬಸುವೂ ಬೈಲಹೊಂಗಲದ ಕಡೆಯಿಂದ ಪುಣೆಗೆ ಬಂದು ಕೊಂಢವಾದಲ್ಲಿ ಪಂಪ್‌ಸೆಟ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಗಿರಾಕಿಗಳು ಹೆಚ್ಚಾಗಿ ಬಾರಾಮತಿ ಕಡೆಯ ಕಬ್ಬಿನವರು. ಅಲ್ಲಿ ಎರೆಮಣ್ಣು. ಮಳೆ ಬಿದ್ದರೆ ನಮ್ಮ ಬಾಡಿಗೆ ಟೆಂಪೋ ಹೊಲದ ದಾರಿಯಲ್ಲಿ ಹೂತು, ಅದನ್ನು ಎಳೆಯಲು ಎತ್ತು ಹುಡುಕುವುದರಲ್ಲೇ ದಿನ ಹೋಗುತ್ತಿತ್ತು. ಅದಕ್ಕೇ ಬಸು ನಾಲ್ಕೂ ಗಾಲಿಗೆ ಬಲ ಬರುವ ಹಳೆಯ ವ್ಯಾಗನ್ ಒಂದು ಬೇಕೆಂದು ಹಟ ಹಿಡಿದ.

ನಿವೃತ್ತ ಹವಾಲ್ದಾರರೊಬ್ಬರ ಬಳಿ ಅಂಥದೊಂದು ಇತ್ತು. ಹತ್ತು ಗಂಟೆಗೆ ಬನ್ನಿ ಎಂದಿದ್ದರು. ಬಸು ನನ್ನನ್ನು ಬೆಳಕು ಹರಿಯುವಾಗಲೇ ಎಬ್ಬಿಸಿ ಕರೆದುಕೊಂಡು ಹೋದ. ನಮಸ್ಕಾರ ಹೇಳುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

“ಬಿಸಿ ಇದ್ರ ನಾವು ಬರೂಕಿಂತ ಮೊದಲ ಶುರು ಮಾಡಿ ಇಟ್ಟಾರಂತ ತಿಳಿ. ತಣ್ಣಗಿದ್ದಾಗ ಶುರು ಆಗೋದೇ ಖರೇ ಎಂಜಿನ್ನು ಅಣ್ಣಾ.”

ಆಮೇಲೆ ಗಾಡಿಯ ಕೆಳಗೆ ಹೋಗಿ ಮಲಗಿದ. ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ, ಕಬ್ಬಿಣದ ಪುಡಿ ಮಿನುಗುತ್ತದೆಯೋ ಎಂದು ಬಿಸಿಲಿಗೆ ಹಿಡಿದು ನೋಡಿದ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಜಲ್ಲಿಯ ಮೇಲೆ ನನ್ನ ಕೈಯಲ್ಲಿ ಓಡಿಸಿ, ತಾನು ಪಕ್ಕದಲ್ಲಿ ಬಗ್ಗಿಕೊಂಡು ಓಡುತ್ತ ಗಾಲಿಗಳ ಸದ್ದು ಕೇಳಿದ. ಹವಾಲ್ದಾರರು ನಗುತ್ತ, “ಅರೇ ಭಾವು, ಗಾಡೀ ಘೇತೋಯಸ್ ಕೀ ಮುಲಗೀ ಬಘತೋಯಸ್?” ಎಂದರು, ಗಾಡಿ ಕೊಳ್ಳುತ್ತೀಯೋ ಹೆಣ್ಣು ನೋಡುತ್ತೀಯೋ ಎಂದು. ಬಸು ನನ್ನ ಕಡೆ ತಿರುಗಿ, “ಹೆಣ್ಣು ಇಷ್ಟ ನೋಡಿದ್ದಿಲ್ಲಪಾ, ಅದಕ್ಕ ಈಗ ಅನುಭವಿಸ್ಲಿಕ್ಕೆ ಹತ್ತೀನಿ” ಎಂದ. ಹವಾಲ್ದಾರರಿಗೆ ಕನ್ನಡ ತಿಳಿಯದಿದ್ದರೂ ಅವರೂ ನಕ್ಕರು.

ಆ ಗಾಡಿಯ ರೀತಿ ಸ್ವಲ್ಪ ಹೇಳಬೇಕು. ಸಾಮಾನ್ಯ ರಸ್ತೆಯಲ್ಲಿ ಹಿಂದಿನ ಎರಡು ಗಾಲಿಗಳೇ ದೂಡುತ್ತವೆ. ಕೆಸರು ಬಂದರೆ ಕೆಳಗಿಳಿದು, ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಇರುವ ಗುಬ್ಬಿ ಎನ್ನುವ ತಿರುಪನ್ನು ಕೈಯಿಂದ ತಿರುಗಿಸಿ, ಒಳಗೆ ಬಂದು ಸಣ್ಣ ಲಿವರ್ ಎಳೆಯಬೇಕು. ಆಗ ಮುಂದಿನ ಗಾಲಿಗಳೂ ಎಳೆಯುತ್ತವೆ; ಇದಕ್ಕೇ ಫೋರ್ ಹಾಕುವುದು ಎನ್ನುತ್ತಾರೆ. ಆ ಬಲವನ್ನು ಮುಂದಕ್ಕೆ ಒಯ್ಯುವುದು ಗಾಡಿಯ ಹೊಟ್ಟೆಯ ಕೆಳಗಿನ ಒಂದು ಉದ್ದನೆಯ ಕಬ್ಬಿಣದ ಶಾಫ್ಟ್. ಅದಿಲ್ಲದಿದ್ದರೆ ಗುಬ್ಬಿ ತಿರುಗಿಸುವುದೂ ಲಿವರ್ ಎಳೆಯುವುದೂ ಬರೀ ನಾಟಕ.

ಬಳಸದೆ ಬಿಟ್ಟರೆ ಮುಂದಿನ ಗೇರು ಒಣಗಿ ಹಿಡಿದುಕೊಳ್ಳುತ್ತದೆ ಎಂದು ಬಸು ಒಂದು ಪದ್ಧತಿ ಮಾಡಿಕೊಂಡಿದ್ದ. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ಕೆಳಗೆ ಹೋಗಿ ಶಾಫ್ಟಿನ ಕೀಲುಗಳಿಗೆ ಗ್ರೀಸ್ ತುಂಬಿ, ಊದಿನಕಡ್ಡಿ ಬೆಳಗುತ್ತಿದ್ದ. ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ಲಿವರ್ ಎಳೆದು, ಅವನ್ನು ತುಳಿಸಿಕೊಂಡು ಹಿಂದಿನ ಮಣ್ಣಿನ ಬಯಲಲ್ಲಿ ಒಂದು ಸುತ್ತು ಹೊಡೆಯುತ್ತಿದ್ದ. ಪೂಜೆಯೋ ಸರ್ವಿಸಿಂಗೋ ಅವನಿಗೇ ಗೊತ್ತು. ನಾನು ಅಂಗಡಿಯ ಬಾಗಿಲಲ್ಲಿ ನಿಂತು ಚೇಷ್ಟೆ ಮಾಡುತ್ತಿದ್ದೆ. ನಿಂಬೆಹಣ್ಣನ್ನು ಒಮ್ಮೆಯೂ ಮುಟ್ಟಿದವನಲ್ಲ.

ಶಾಫ್ಟಿನದು ಒಂದು ಗುಂಯ್ ಎನ್ನುವ ಸದ್ದಿತ್ತು; ಫೋರ್ ಹಾಕದಿದ್ದಾಗಲೂ ಅದು ಬರಿದೇ ತಿರುಗುತ್ತಿತ್ತು. ವೇಗ ಹೆಚ್ಚಿದಂತೆ ಕಾಲಿನ ಕೆಳಗೆ ದುಂಬಿ ಕೂತ ಹಾಗೆ. ಆ ಸದ್ದು ನನಗೆ ಆಗುತ್ತಿರಲಿಲ್ಲ. ಪುಣೆಯ ಸ್ವಾರಗೇಟದಲ್ಲಿ ಇಂಥದೇ ಗಾಡಿ ಓಡಿಸುವ ಡ್ರೈವರುಗಳೆಲ್ಲ ಒಂದೇ ಮಾತು ಹೇಳುತ್ತಿದ್ದರು: ಮುಂದಿನ ಶಾಫ್ಟ್ ಬಿಚ್ಚಿಡು, ಗಾಡಿ ಹಗುರಾಗುತ್ತದೆ, ಡೀಸೆಲ್ ಉಳಿಯುತ್ತದೆ. ಅವರಲ್ಲಿ ಬಹಳ ಮಂದಿ ಹಾಗೆ ಬಿಚ್ಚಿದವರೇ. ಬಸುವಿಗೆ ಹೇಳಿದರೆ, “ನಾಕು ಕಾಲಿನ ದನಾನ ಎರಡು ಕಾಲ ಮ್ಯಾಲೆ ನಡಸ್ತಾರೇನಣ್ಣಾ?” ಎಂದು ಮಾತು ಮುಗಿಸಿಬಿಡುತ್ತಿದ್ದ.

ಅವನು ಹೆಂಡತಿಯ ತವರಿಗೆ ಹೋಗಿದ್ದಾಗ ನಾನು ಅದನ್ನು ಬಿಚ್ಚಿದೆ. ಡೀಸೆಲ್ಲಿಗಾಗಿ ಎಂದು ಹೇಳಬಹುದು. ನಿಜ ಅದಲ್ಲ. ಗಿರಾಕಿಗಳು ಬಂದರೆ “ಬಸವರಾಜ ಎಲ್ಲಿ?” ಎಂದೇ ಕೇಳುತ್ತಿದ್ದರು. ಗಾಡಿಯೂ ಅವನು ಆರಿಸಿದ್ದು. ಎಲ್ಲಾದರೂ ಒಂದು ಕಡೆ ದೊಡ್ಡವನ ಮಾತು ನಡೆಯಲಿ ಎನ್ನುವ ಹೊಟ್ಟೆಕಿಚ್ಚು ಅದು. ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿ ಅಂಗಡಿಯ ಹಿಂದೆ ಇಟ್ಟೆ. ಅಮಾವಾಸ್ಯೆಗಿಂತ ಮೊದಲು, ಅವನು ಬರುವ ಮೊದಲು, ಮತ್ತೆ ಕೂಡಿಸಿದರಾಯಿತು ಎಂದುಕೊಂಡಿದ್ದೆ.

ಆದರೆ ಬಾರಾಮತಿ ಕಡೆಯ ನಮ್ಮ ಹಳೆಯ ಗಿರಾಕಿ, ತಾತ್ಯಾ ಎಂದು ನಾವು ಕರೆಯುತ್ತಿದ್ದ ರೈತ, ಪಂಪ್ ನಿಂತಿದೆ ಎಂದು ಫೋನು ಮಾಡಿ ಮಾಡಿ ಬಸುವನ್ನು ಮುಂಚೆಯೇ ಕರೆಸಿಕೊಂಡ. ಶಾಫ್ಟ್ ಕೂಡಿಸಲು ನನಗೆ ಹೊತ್ತು ಸಿಗಲಿಲ್ಲ. ಬೆಳಿಗ್ಗೆ ಸ್ವಾರಗೇಟದಲ್ಲಿ ಬಸ್ಸಿನಿಂದ ಇಳಿದ ತಮ್ಮನನ್ನು ಕೂರಿಸಿಕೊಂಡು ನೇರ ಅಲ್ಲಿಗೇ ಹೊರಟೆ. ಹಡಪಸರ ದಾಟಿದ ಮೇಲೆ ಬಸು ಕಿವಿ ಕೊಟ್ಟು ಕೇಳಿದ.

“ಗಾಡಿ ಭಾಳ ಹಗುರ ಹೊಂಟದಲ್ಲಣ್ಣಾ. ಗುಂಯ್ ಅನ್ನೋದೇ ಇಲ್ಲ.”

“ಗ್ರೀಸ್ ತುಂಬೀನಿ” ಎಂದೆ.

ಇಳಿಹೊತ್ತಿಗೆ ಪಂಪ್ ರಿಪೇರಿಯಾಯಿತು. ಅಷ್ಟರಲ್ಲಿ ಮಳೆ ಹೊಡೆಯಿತು. ಪಂಪಿನ ಮನೆಯ ಮೂಲೆಯಲ್ಲಿ ಬಿದ್ದಿದ್ದ ಕಬ್ಬಿನ ರವದಿಯನ್ನು, ಒಣ ಸೋಗೆಯನ್ನು, ಬಸು ಕಾಲಿನಿಂದ ಸರಿಸಿದ. ಒಳಗೆ ಕೊಳಕುಮಂಡಲ ಹಾವಿತ್ತು. ಪಾದದ ಮೇಲೆ ಕಚ್ಚಿತು.

ತಾತ್ಯಾ ಮತ್ತು ನಾನು ಅವನನ್ನು ನಡೆಯಗೊಡದೆ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಆಗಲೇ ಪಾದ ಉಬ್ಬುತ್ತಿತ್ತು. ಹೊಲದಿಂದ ಡಾಂಬರು ರಸ್ತೆಗೆ ದೂರವೇನಿಲ್ಲ. ಆದರೆ ನಡುವಿನ ತಗ್ಗಿನಲ್ಲಿ ಗಾಡಿ ಹೂತಿತು. ಹಿಂದಿನ ಗಾಲಿಗಳು ಗಿರ್ರನೆ ತಿರುಗಿ ಇನ್ನೂ ಕೆಳಗಿಳಿದವು. ತಾತ್ಯಾ ಅವುಗಳ ಕೆಳಗೆ ತುರುಕಿದ ರವದಿಯೆಲ್ಲ ಹಿಂದಕ್ಕೆ ಹಾರಿಹೋಯಿತು. ಹತ್ತಿರ ಇನ್ನೊಂದು ಗಾಡಿಯಿಲ್ಲ, ಎತ್ತಿಲ್ಲ.

ಹಿಂದಿನಿಂದ ಬಸುವಿನ ಧ್ವನಿ ಬಂತು, ಹಲ್ಲು ಕಚ್ಚಿದ ಧ್ವನಿ. “ಅಣ್ಣಾ, ಇಳಿದು ಗುಬ್ಬಿ ತಿರುವು. ಫೋರ್ ಹಾಕು. ಬರ್ತದ ಅದು.”

ಆ ಕ್ಷಣ ನಾನು ಹೇಳಬೇಕಿತ್ತು. ಹೇಳಲಿಲ್ಲ. ಸಾಯುತ್ತಿರಬಹುದಾದ ತಮ್ಮನಿಗೆ, ನಿನ್ನ ಜೀವ ಉಳಿಸಬೇಕಾದ ಕಬ್ಬಿಣ ಕೊಂಢವಾದಲ್ಲಿ ಗೋಣಿಚೀಲದೊಳಗಿದೆ ಎಂದು ಹೇಗೆ ಹೇಳುವುದು? ಇಳಿದೆ. ಕೆಸರಲ್ಲಿ ಮೊಣಕಾಲೂರಿ ಎರಡೂ ಗುಬ್ಬಿ ತಿರುಗಿಸಿದೆ. ಒಳಗೆ ಬಂದು, ಅವನಿಗೆ ಕಾಣಲಿ ಎಂದೇ, ಲಿವರ್ ಎಳೆದೆ. ಬೇರೇನೂ ಹೊಳೆಯದೆ ಕ್ಲಚ್ ಬಿಟ್ಟೆ.

ಗಾಡಿಯ ಮೂತಿ ಒಮ್ಮೆ ಕೆಳಗೆ ಬಗ್ಗಿತು. ಸ್ಟೀರಿಂಗ್ ನನ್ನ ಕೈಯಲ್ಲಿ ಗಟ್ಟಿಯಾಗಿ, ಯಾರೋ ಹಿಡಿದು ನೆಟ್ಟಗೆ ಮಾಡಿದಂತೆ ತಾನೇ ನೆಟ್ಟಗಾಯಿತು. ಮುಂದಿನ ಗಾಲಿಗಳು ಎಳೆಯುವಾಗ ಮಾತ್ರ ಹಾಗಾಗುತ್ತದೆ. ಎಷ್ಟೋ ಮಳೆಗಾಲ ಆ ಗಾಡಿ ಓಡಿಸಿದ ನನಗೆ ಅದು ಗೊತ್ತು. ಆಮೇಲೆ ಕಾಲಿನ ಕೆಳಗೆ ಆ ಸದ್ದು ಬಂತು. ಗುಂಯ್.

“ಕೇಳ್ದಿ?” ಎಂದ ಬಸು. “ಎಳೀಲಿಕ್ಕೆ ಹತ್ತದ.”

ಗಾಡಿ ತಗ್ಗಿನಿಂದ ಮೇಲೆದ್ದು ದಿಬ್ಬ ಹತ್ತಿ ಡಾಂಬರಿಗೆ ಬಂತು. ತಾತ್ಯಾ ಓಡಿಬಂದು ಹತ್ತಿಕೊಂಡ. ಎಲ್ಲೂ ನಿಲ್ಲಿಸದೆ ಆಸ್ಪತ್ರೆ ಮುಟ್ಟಿಸಿದೆ. ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದರು ಡಾಕ್ಟರು. ಬಸು ಉಳಿದ.

ಮರುದಿನ ಬೆಳಕಾದ ಮೇಲೆ ಆಸ್ಪತ್ರೆಯ ಅಂಗಳದಲ್ಲಿ ಗಾಡಿಯ ಕೆಳಗೆ ಹೋಗಿ ಮಲಗಿ ನೋಡಿದೆ. ಶಾಫ್ಟಿನ ಜಾಗ ಖಾಲಿ. ನಾನು ಬಿಚ್ಚಿದ ಬೋಲ್ಟುಗಳ ತೂತಿನಲ್ಲಿ ಎರೆಮಣ್ಣು ಮೆತ್ತಿತ್ತು. ಹಿಂದಿನ ಗಾಲಿಗೆ ಎಲ್ಲೋ ಗಟ್ಟಿ ನೆಲ ಸಿಕ್ಕಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಚಹಾ ತೆಗೆದುಕೊಂಡು ತಾತ್ಯಾ ಬಂದ. ಅವನ ಅಂಗಿಯ ಎದೆಯ ಮೇಲೆಲ್ಲ ಒಣಗಿದ ಕೆಸರು. ಗಾಡಿ ಮೇಲೇಳುವಾಗ ಅವನು ಮುಂದಿನ ಗಾಲಿಯ ಪಕ್ಕದಲ್ಲಿ ನಿಂತಿದ್ದನಂತೆ. “ಪುಢಚ್ಯಾ ಚಾಕಾನೇ ಅಂಘೋಳ ಘಾತಲೀ ಮಲಾ” ಎಂದು ನಕ್ಕ. ಮುಂದಿನ ಗಾಲಿಯೇ ಅವನಿಗೆ ಸ್ನಾನ ಮಾಡಿಸಿತ್ತು. ಬಲವಿಲ್ಲದ ಗಾಲಿ ಕೆಸರು ಹಾರಿಸುವುದಿಲ್ಲ. ನಾನು ಚಹಾ ಕುಡಿದೆ.

ಕೊಂಢವಾಕ್ಕೆ ಬಂದು ಗೋಣಿಚೀಲ ಬಿಚ್ಚಿದೆ. ಶಾಫ್ಟ್ ಒಣಗಿತ್ತು, ಮೇಲೆ ಧೂಳು ಕೂತಿತ್ತು. ಬಸು ಮನೆಗೆ ಬರುವ ಮೊದಲು ಹೊಸ ಬೋಲ್ಟು ಹಾಕಿ ಕೂಡಿಸಿಬಿಟ್ಟೆ.

ಅವನು ಕುಂಟುತ್ತ ಅಂಗಡಿಗೆ ಬಂದದ್ದು ಮುಂದಿನ ಅಮಾವಾಸ್ಯೆಗೆ. ಬೇಡವೆಂದರೂ ಕೇಳದೆ ಗ್ರೀಸ್ ಗನ್ ಹಿಡಿದು ಗಾಡಿಯ ಕೆಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

“ಬೋಲ್ಟು ಹೊಸಾವು ಅದಾವಲ್ಲಣ್ಣಾ?” ಕೆಳಗಿನಿಂದಲೇ ಕೇಳಿದ.

“ಹಳೇವು ತುಕ್ಕು ಹಿಡಿದಿದ್ವು.”

“ಹೌದಾ” ಎಂದ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ನಿಂಬೆಹಣ್ಣು ತೆಗೆದು, ಎರಡನ್ನು ನನ್ನ ಅಂಗೈಯಲ್ಲಿಟ್ಟ. “ಮುಂದಿನ ಗಾಲಿಗೆ ಇನ್ನ ನೀನೇ ಇಡು.”

ಆ ಗಾಡಿಯನ್ನು ಮಾರುವವರೆಗೆ ಮುಂದಿನ ನಿಂಬೆಹಣ್ಣನ್ನು ಅವನು ಇಡಲೇ ಇಲ್ಲ. ಅವನಿಗೆ ಗೊತ್ತಿತ್ತೇ? ಹಡಪಸರದ ರಸ್ತೆಯಲ್ಲೇ ಗೊತ್ತಾಗಿತ್ತೇ? ಗೊತ್ತಿದ್ದೂ, ಹಾವು ಕಚ್ಚಿ ಮಲಗಿದವನು, ಫೋರ್ ಹಾಕು ಎಂದು ನನಗೆ ಧೈರ್ಯ ಹೇಳಿದನೇ? ಕೇಳಬೇಕಾದರೆ ಮೊದಲು ನಾನು ಹೇಳಬೇಕು. ಇಷ್ಟು ವರ್ಷವಾದರೂ ಬಾಯಲ್ಲಿ ಬಾರದ್ದನ್ನು ಇಲ್ಲಿ ಬರೆದಿದ್ದೇನೆ. ಇನ್ನು, ಆ ಸಂಜೆ ಗಾಡಿಯನ್ನು ಎಳೆದದ್ದು ಏನು ಎನ್ನುವುದು ಮೋಟಾರು ಬಿಚ್ಚಿ ಜೋಡಿಸುತ್ತಲೇ ಮುದುಕನಾದ ನನಗೆ ಇಂದಿಗೂ ತಿಳಿದಿಲ್ಲ.

ಆ ಅಮಾವಾಸ್ಯೆಯ ದಿನ ನಾನು ಮೊದಲ ಸಲ ಬಗ್ಗಿ ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟೆ. ಬಸು ಒಳಗೆ ಕೂತು ಲಿವರ್ ಎಳೆದ. ಹಣ್ಣು ಒಡೆದವು. ನಾನು ಎದ್ದು ನಿಲ್ಲದೆ, ಅಲ್ಲೇ ಪಕ್ಕಕ್ಕೆ ಸರಿದು ಕುಕ್ಕರುಗಾಲಲ್ಲಿ ಕೂತು, ಆ ಗುಂಯ್ ಸದ್ದು ಬರುವವರೆಗೆ ಉಸಿರು ಹಿಡಿದು ಕಾದೆ.